ಪದ ಕುಂದ್ರುವ ಠಾವು

ಅಮಾವಾಸ್ಯೆಯ ಒಂದು ರಾತ್ರಿ ಗಬ್ಬೂರಿನ ಗುಡಿಯೊಂದರ ಕಟ್ಟೆಯ ಮೇಲೆ ಭಜನೆ ನಡೆದಿದ್ದಾಗ, ಪರಸ್ಥಳದಿಂದ ಬಂದಿದ್ದ ತರುಣ ಗಾಯಕರೊಬ್ಬರು ಹಾರ್ಮೋನಿಯಮ್ಮಿನ ಶ್ರುತಿಗೆ ಕೂದಲೆಳೆಯಷ್ಟೂ ತಪ್ಪದಂತೆ ಕಂಠವನ್ನು ಬೆರೆಸಿ, ಆಲಾಪದಿಂದ ಆರಂಭಿಸಿ, ದಾಸರ ಪದವೊಂದನ್ನು ಅತ್ಯಂತ ಪರಿಷ್ಕಾರವಾಗಿ ಹಾಡಿ ಮುಗಿಸಿದರು. ಕುಳಿತವರೆಲ್ಲರೂ ಗೌರವದಿಂದ ತಲೆದೂಗಿದರು. ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯರೊಬ್ಬರು, ಊರವರೆಲ್ಲರೂ ತಾತನೆಂದೇ ಕರೆಯುವವರು, ಆ ತರುಣನ ಬೆನ್ನು ಸವರಿ, "ಹಾಡಿದ್ದು ಭಾಳ ಚಲೊ ಐತಪ್ಪಾ, ಖರೆ ಪದ ಕುಂದ್ರಲಿಲ್ಲ" ಎಂದರು. ಆ ಮಾತಿನಲ್ಲಿ ನಿಂದೆಯಿರಲಿಲ್ಲ. ಹೊಲಿದ ಅಂಗಿ ಮೈಗೆ ಒಪ್ಪಲಿಲ್ಲವೆಂದು ಹೇಳುವಾಗ ಇರುವಷ್ಟೇ ಸರಳವಾದ ವರದಿಯಿತ್ತು. ಅನಂತರ ಊರಿನ ಭಜನಾ ಮೇಳದವರೇ ಆದ, ಕೆಮ್ಮಿನಿಂದ ಗಂಟಲು ಒಡೆದಿದ್ದ ಒಬ್ಬರು, ಅದೇ ಪದವನ್ನು ಊರಿನ ಹಳೆಯ ಮಟ್ಟಿನಲ್ಲಿ ಎತ್ತಿಕೊಂಡರು. ಎರಡನೆಯ ಆವೃತ್ತಿಗೆ ಪಲ್ಲವಿ ಮರಳುವಷ್ಟರಲ್ಲಿ ತಾಳ ಹಿಡಿದವರ ಕಣ್ಣುಗಳು ತಾವಾಗಿಯೇ ಮುಚ್ಚಿದುವು. ಹೆಂಗಸರ ಗುಂಪಿನಿಂದ ಯಾರೋ ನಿಡಿದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ತಾತ ಏನೂ ಹೇಳಲಿಲ್ಲ. ಪದ ಕುಳಿತಿತ್ತು.

ಅಂದಿನಿಂದ ಈ ಒಂದು ಕ್ರಿಯಾಪದ ನನ್ನನ್ನು ಬಿಟ್ಟಿಲ್ಲ. ಇಷ್ಟವಾದ ಹಾಡೊಂದು ನಮಗೆ ಪರಿಪೂರ್ಣವೆಂದು ತೋರುವುದೇಕೆ ಎಂಬ ಪ್ರಶ್ನೆಗೆ ಪಂಡಿತರು ರಾಗದಲ್ಲಿ, ಸಾಹಿತ್ಯದಲ್ಲಿ, ಕಂಠದಲ್ಲಿ ಉತ್ತರವನ್ನು ಹುಡುಕುವುದುಂಟು. ಆ ಮೂರೂ ಅಂದು ತರುಣ ಗಾಯಕರಲ್ಲಿ ಹೆಚ್ಚಾಗಿಯೇ ಇದ್ದುವು. ಆದರೆ ಕುಳಿತುಕೊಳ್ಳುವುದಕ್ಕೆ ಒಂದು ಪೀಠ ಬೇಕಷ್ಟೆ? ಹಾಡು ಗಾಳಿಯಲ್ಲಿ ಕುಳಿತುಕೊಳ್ಳಲಾರದು. ಕೇಳುವವನ ಒಳಗೆ, ಅನೇಕ ವರ್ಷಗಳ ಶ್ರವಣದಿಂದ ಸವೆದು ಸವೆದು ತಗ್ಗಾದ ಒಂದು ಠಾವಿನಲ್ಲಿ ಅದು ಕುಳಿತುಕೊಳ್ಳಬೇಕು. ಪರಿಪೂರ್ಣತೆಯೆಂದು ನಾವು ಕರೆಯುವುದು ಹಾಡಿನ ಅಂಚೂ ಆ ತಗ್ಗಿನ ಅಂಚೂ ಕೂಡಿಕೊಂಡಾಗ ಆಗುವ ಅನುಭವ. ಹಾಡುವವನಷ್ಟೇ ಕೇಳುವವನೂ ಅದರ ಶಿಲ್ಪಿ ಎಂಬುದನ್ನು ನಾನು ಈ ಬರಹದಲ್ಲಿ ನನಗೆ ತಿಳಿದಮಟ್ಟಿಗೆ ವಿವರಿಸಬೇಕೆಂದಿದ್ದೇನೆ.

ಈ ವಿಚಾರಕ್ಕೆ ನಮ್ಮ ರಾಯಚೂರು ಸೀಮೆಗಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯುವುದು ಕಷ್ಟ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಣ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಗಬ್ಬೂರಾದರೋ ಗೋಪುರಗ್ರಾಮವೆಂಬ ಹೆಸರಿನಿಂದ ವಿದ್ಯಾಕೇಂದ್ರವಾಗಿ ಮೆರೆದು, ಬಂಗಾರ ಬಸಪ್ಪನ ಗುಡಿ, ವೆಂಕಟೇಶ್ವರನ ಗುಡಿ ಮೊದಲಾದ ದೇವಾಲಯಗಳನ್ನೂ ಅನೇಕ ಶಾಸನಗಳನ್ನೂ ಇಂದಿಗೂ ಮಡಿಲಲ್ಲಿ ಇಟ್ಟುಕೊಂಡಿರುವ ಊರು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿಯ ಕಡೆಗಿದೆ. ಅವರ ಶಿಷ್ಯರಾದ ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಗಿದೆ. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು ಮಾನ್ವಿಯಲ್ಲಿಯೇ ನೆಲಸಿದ್ದವರು. ಹದಿನೆಂಟನೆಯ ಶತಮಾನದಲ್ಲಿ ಈ ಮೂವರು ಕಟ್ಟಿದ ಪದಗಳು ಮನೆಮನೆಗೂ ಹರಡಿದುವು. ಆದರೆ ಅವರು ಹಾಡಿದ ಮಟ್ಟುಗಳು ನಮಗೆ ಸ್ವರಲಿಪಿಯಲ್ಲಿ ಬಂದಿಲ್ಲ. ಹಳೆಯ ಕಟ್ಟುಗಳಲ್ಲಿ ಪದದ ತಲೆಯ ಮೇಲೆ ರಾಗದ ಹೆಸರೂ ತಾಳದ ಹೆಸರೂ ಕಾಣಸಿಗುವುದುಂಟು, ಅಷ್ಟೆ. ಮಟ್ಟು ಬಾಯಿಂದ ಬಾಯಿಗೆ ಇಳಿದುಬಂದಿತು, ಇಳಿಯುವಾಗ ಪ್ರತಿಯೊಂದು ಮನೆಯಲ್ಲಿಯೂ ಸ್ವಲ್ಪ ಬೇರೆಯಾಯಿತು. ಒಂದೇ ಪದವನ್ನು ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ಕರ್ನಾಟಕ ಪದ್ಧತಿಯ ಗಮಕದೊಡನೆಯೂ, ನಮ್ಮ ಕಡೆ ಹಿಂದುಸ್ತಾನಿಯ ಮೀಂಡಿನೊಡನೆಯೂ, ಭಜನೆಯ ಕಟ್ಟೆಯ ಮೇಲೆ ಇವೆರಡೂ ಅಲ್ಲದ ತನ್ನದೇ ಆದ ಗತ್ತಿನೊಡನೆಯೂ ಕೇಳಬಹುದು. ಹೀಗೆ ಕೇಳಿ ಬೆಳೆದ ಒಬ್ಬೊಬ್ಬರಿಗೂ ತಮ್ಮ ಮನೆಯ ಮಟ್ಟೇ ಮೂಲವೆಂದೂ ಉಳಿದುವು ಅದರ ಛಾಯೆಗಳೆಂದೂ ತೋರುವುದು. ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸಿಲ್ಲ. ಮೂಲವೇ ಉಳಿಯದಿರುವಲ್ಲಿ, ಎದೆಯಲ್ಲಿ ಮೊದಲು ಊರಿದ್ದೇ ಮೂಲ.

ನನಗೆ ಇದು ಅರ್ಥವಾದದ್ದು ದಾಸರ ಪದದಿಂದಲ್ಲ, ಅಜ್ಜಿಯ ಬೀಸುವ ಪದದಿಂದ. ನಸುಕಿನಲ್ಲಿ, ಇನ್ನೂ ಕೋಳಿ ಕೂಗುವ ಮುಂಚೆ, ಪಡಸಾಲೆಯ ಮೂಲೆಯಲ್ಲಿ ಒಂದು ಕಾಲನ್ನು ಚಾಚಿ, ಇನ್ನೊಂದನ್ನು ಮಡಿಸಿ, ಅಜ್ಜಿ ಬೀಸುಕಲ್ಲಿನ ಮುಂದೆ ಕುಳಿತುಕೊಳ್ಳುವಳು. ನಾನು ಕೌದಿಯನ್ನು ಸುತ್ತಿಕೊಂಡು ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುವೆನು. ಕಲ್ಲು ತಿರುಗಲಾರಂಭಿಸಿದೊಡನೆ ಅದರ ಗುರುಗುಟ್ಟುವ ದನಿಯೇ ಶ್ರುತಿಯಾಗುವುದು. ಅದರ ಮೇಲೆ ಪದ ಏಳುವುದು. ಬಲಗೈ ಗೂಟವನ್ನು ಹಿಡಿದು ಸುತ್ತುತ್ತಿದ್ದರೆ, ಎಡಗೈ ಮೊರದಿಂದ ಒಂದು ಹಿಡಿ ಜೋಳವನ್ನು ತೆಗೆದು ಕಲ್ಲಿನ ಬಾಯಿಗೆ ಸುರಿಯಬೇಕು. ಸುರಿಯುವ ಆ ಕ್ಷಣದಲ್ಲಿ ಕಲ್ಲು ಒಂದಿಷ್ಟು ಹಗುರಾಗಿ, ಮರುಕ್ಷಣ ಕಾಳು ಸಿಕ್ಕು ಬಿಗಿಯಾಗುವುದು. ಅಜ್ಜಿ ಕಾಳು ಸುರಿಯುತ್ತಿದ್ದುದು ಪದದ ಎರಡನೆಯ ಸಾಲು ಮುಗಿದು ಮತ್ತೆ ಅದೇ ಸಾಲು ಮರಳುವ ಸಂಧಿಯಲ್ಲಿ. ಅಲ್ಲಿ ಅವಳ ದನಿ ನಿಲ್ಲುತ್ತಿತ್ತು. ಬಹು ಸ್ವಲ್ಪ ಕಾಲ, ಒಂದು ಉಸಿರಿನ ಅರ್ಧದಷ್ಟು. ಆ ನಿಲುಗಡೆಯಲ್ಲಿ ಕಾಳು ಕಲ್ಲಿನ ಬಾಯಿಗೆ ಜಾರುವ ಸಪ್ಪಳ ಮಾತ್ರ ಕೇಳಿಸುವುದು. ಅನಂತರ ಪದ ಮತ್ತೆ ಹಿಡಿಯುವುದು. ಆ ಸಪ್ಪಳಕ್ಕಾಗಿ ನಾನು ಕಾಯುತ್ತಿದ್ದೆನು. ಅದು ಬಂದೇ ಬರುವುದೆಂದು ತಿಳಿದಿದ್ದರೂ, ಬರುವತನಕ ಎದೆಯಲ್ಲಿ ಏನೋ ಒಂದು ಎತ್ತಿಹಿಡಿದಂತಿದ್ದು, ಬಂದೊಡನೆ ಇಳಿಸಿದಂತಾಗುತ್ತಿತ್ತು.

ಮುಂದೆ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಹಿತ್ತಲಿಗೆ ಹೋಯಿತು. ಅಜ್ಜಿ ಮಾತ್ರ ಕೆಲವೊಮ್ಮೆ, ಹತ್ತಿ ಬಿಡಿಸುತ್ತಲೋ ಮೊಮ್ಮಕ್ಕಳನ್ನು ತಟ್ಟುತ್ತಲೋ, ಅದೇ ಪದವನ್ನು ಹಾಡಿಕೊಳ್ಳುವಳು. ಕಲ್ಲಿಲ್ಲ, ಕಾಳಿಲ್ಲ, ಎಡಗೈಗೆ ಕೆಲಸವಿಲ್ಲ. ಆದರೂ ಎರಡನೆಯ ಸಾಲಿನ ಸಂಧಿಯಲ್ಲಿ ಅವಳ ದನಿ ನಿಲ್ಲುತ್ತಿತ್ತು, ನಿಂತು ಮುಂದುವರಿಯುತ್ತಿತ್ತು. ಕೈಯ ಕೆಲಸ ಹೋಗಿಬಿಟ್ಟ ಮೇಲೂ ಅದರ ಗುರುತು ಮಟ್ಟಿನಲ್ಲಿ ಉಳಿದುಕೊಂಡಿತ್ತು. ನೆರೆಮನೆಯವರೊಬ್ಬರು ಅದೇ ಪದವನ್ನು ಎಲ್ಲಿಯೂ ನಿಲ್ಲದೆ, ಇಂಪಾಗಿ, ಸರಾಗವಾಗಿ ಹಾಡಿದಾಗ ನನಗೆ ಏನೋ ಕಸಿದುಕೊಂಡಂತಾದುದು ಇಂದಿಗೂ ನೆನಪಿದೆ. ಅವರ ಹಾಡಿನಲ್ಲಿ ದೋಷವಿರಲಿಲ್ಲ. ನನ್ನ ಕಿವಿ ಕಾಯುತ್ತಿದ್ದ ಆ ಅರ್ಧ ಉಸಿರು ಅದರಲ್ಲಿರಲಿಲ್ಲ.

ಅಜ್ಜಿ ಹಾಡುತ್ತಿದ್ದಂಥ ತ್ರಿಪದಿಯ ರಚನೆಯನ್ನು ಬಲ್ಲವರು, ಇಂಥ ನಿಲುಗಡೆಗೆ ಛಂದಸ್ಸಿನಲ್ಲಿಯೇ ಎಡೆಯುಂಟೆಂಬುದನ್ನು ಒಪ್ಪುವರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ. ಶ. ೭೦೦ರಷ್ಟು ಹಿಂದೆಯೇ ಕಾಣಸಿಗುವ ಈ ಅಚ್ಚಕನ್ನಡ ಮಟ್ಟಿನಲ್ಲಿ ಹನ್ನೊಂದು ಗಣಗಳು: ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಇವುಗಳಲ್ಲಿ ಆರನೆಯದೂ ಹತ್ತನೆಯದೂ ಎರಡು ಅಂಶಗಳ ಬ್ರಹ್ಮಗಣ. ಉಳಿದ ಒಂಬತ್ತೂ ಮೂರು ಅಂಶಗಳ ವಿಷ್ಣುಗಣ. ಒಂದೇ ಅಳತೆಯ ಐದು ಹೆಜ್ಜೆಗಳನ್ನು ಇಟ್ಟು, ಆರನೆಯದು ಕೊಂಚ ಮೊಟಕಾದರೆ, ನಡೆಯುವವನ ಮೈ ಹೇಗೆ ಅಲ್ಲಿ ಸ್ವಲ್ಪ ತೂಗಿ ಸಾವರಿಸಿಕೊಳ್ಳುವುದೋ, ಹಾಡುವ ದನಿಯೂ ಹಾಗೆಯೇ ಆ ಗಣದಲ್ಲಿ ಎಳೆದೋ ತಡೆದೋ ತಾಳವನ್ನು ತುಂಬಿಕೊಳ್ಳುವುದು. ಹತ್ತನೆಯ ಗಣದಲ್ಲಿ ಮತ್ತೊಮ್ಮೆ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವ ರೂಢಿಯಿರುವುದರಿಂದ ಮೂರು ಸಾಲಿನ ಪದ ನಾಲ್ಕು ಸಾಲಿನಷ್ಟು ಹಬ್ಬುವುದು. ಕೇಳುವವನಿಗೆ ಒಮ್ಮೆ ಬಂದುದು ಇನ್ನೊಮ್ಮೆ ಬರುವುದೆಂಬ ಭರವಸೆ ಹುಟ್ಟುವುದು. ಸಮವಾದ ನಡೆ, ನಿಯತವಾದ ಎಡೆಯಲ್ಲಿ ಒಂದು ಚಿಕ್ಕ ಕೊರತೆ, ಆ ಕೊರತೆಯನ್ನು ತುಂಬುವ ಮನುಷ್ಯನ ಉಸಿರು, ಅನಂತರ ಪುನರಾಗಮನ. ಓದುಬರಹವಿಲ್ಲದ ನಮ್ಮ ತಾಯಂದಿರು ನೂರಾರು ವರ್ಷ ಕಲ್ಲಿನ ಮುಂದೆ ಕುಳಿತು ಹದಗೊಳಿಸಿದ ಈ ಯುಕ್ತಿಗಿಂತ ಸೂಕ್ಷ್ಮವಾದುದನ್ನು ನಾನು ಯಾವ ಸಂಗೀತದಲ್ಲಿಯೂ ಕಂಡಿಲ್ಲ. ಜಗನ್ನಾಥದಾಸರಂಥ ಸಂಸ್ಕೃತ ಪಂಡಿತರು ತತ್ತ್ವಸುವ್ವಾಲಿಯನ್ನು ರಚಿಸುವಾಗ ಈ ತ್ರಿಪದಿಯನ್ನೇ ಆರಿಸಿಕೊಂಡರೆಂಬುದನ್ನು ಇಲ್ಲಿ ಸ್ಮರಿಸಬೇಕು; ಹೆಂಗಸರ ಕಿವಿಯಲ್ಲಿ ಆಗಲೇ ಸಿದ್ಧವಾಗಿದ್ದ ಪೀಠವನ್ನು ಅವರು ಅರಿತಿದ್ದರು.

ಪಾಶ್ಚಾತ್ಯ ವಿದ್ವಾಂಸರೂ ಬೇರೊಂದು ದಾರಿಯಿಂದ ಈ ಎಡೆಗೇ ಬಂದು ಮುಟ್ಟಿದ್ದಾರೆ. ೧೯೫೬ರಲ್ಲಿ ಅಮೆರಿಕದ ಲಿಯೊನಾರ್ಡ್ ಮೇಯರ್ ಎಂಬುವರು ಸಂಗೀತದಲ್ಲಿನ ಭಾವ ಮತ್ತು ಅರ್ಥಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಸಂಗೀತದಿಂದ ಹುಟ್ಟುವ ಭಾವಕ್ಕೆ ನಿರೀಕ್ಷೆಯೇ ಬೀಜವೆಂದೂ, ನಿರೀಕ್ಷೆ ತಡೆಯಲ್ಪಟ್ಟು ಅನಂತರ ಈಡೇರುವಾಗ ಆ ಬೀಜ ಮೊಳೆಯುವುದೆಂದೂ ಪ್ರತಿಪಾದಿಸಿದರು. ೨೦೧೧ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಕೇಳಿದೊಡನೆ ರೋಮಾಂಚವಾಗುವಂಥ ಸಂಗೀತವನ್ನು ಕೇಳುಗರೇ ಆರಿಸಿ ತರುವಂತೆ ಹೇಳಿ, ಅದನ್ನು ಕೇಳಿಸುತ್ತ ಅವರ ಮಿದುಳನ್ನು ಪರೀಕ್ಷಿಸಿದಾಗ, ಆನಂದಕ್ಕೆ ಸಂಬಂಧಪಟ್ಟ ಡೋಪಮೀನ್ ಎಂಬ ದ್ರವ್ಯ ಎರಡು ಹಂತಗಳಲ್ಲಿ ಒಸರುವುದು ಕಂಡುಬಂದಿತು. ಆ ಮೆಚ್ಚಿನ ಘಟ್ಟ ಸಮೀಪಿಸುತ್ತಿರುವಾಗ ಮಿದುಳಿನ ಒಂದು ಭಾಗದಲ್ಲಿ, ಅದು ಬಂದೊದಗಿದ ಕ್ಷಣದಲ್ಲಿ ಇನ್ನೊಂದು ಭಾಗದಲ್ಲಿ. ಎಂದರೆ ಕಾಯುವುದೂ ಒಂದು ಸುಖ, ದೊರೆಯುವುದು ಮತ್ತೊಂದು ಸುಖ. ತಾಯಿಯ ತೊಡೆಯ ಮೇಲೋ ಅಜ್ಜಿಯ ತೊಡೆಯ ಮೇಲೋ ಮಲಗಿ ಪದ ಕೇಳಿದ ಯಾವ ಮಗುವಿಗೂ ಇದು ಹೊಸ ಸುದ್ದಿಯಲ್ಲ. ಆದರೂ ತಾನು ಅನುಭವಿಸಿದುದಕ್ಕೆ ದೂರದ ಊರಿನಿಂದ ಸಾಕ್ಷಿ ದೊರೆತಾಗ ಆಗುವ ಸಂತೋಷ ನನಗಾಯಿತು.

ನಮ್ಮ ಸಂಗೀತಗಾರರು ಇದನ್ನು ತಾಳದ ಭಾಷೆಯಲ್ಲಿ ಬಹುಕಾಲದಿಂದ ಬಲ್ಲರು. ತೀನ್‌ತಾಲದ ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದು ಖಾಲಿ. ಅಲ್ಲಿ ತಬಲದ ಎಡದ ಗುಮುಕು ಅಡಗಿ, ಕಾಲಡಿಯ ನೆಲ ಒಂದಿಷ್ಟು ಸರಿದಂತಾಗುವುದು. ಆ ಶೂನ್ಯದಿಂದಲೇ ಆವರ್ತದ ಮೊದಲ ಮಾತ್ರೆಯಾದ ಸಮ್ ಎಲ್ಲಿ ಬೀಳುವುದೆಂಬ ಕಾತರ ಕೂಡಿಕೊಳ್ಳುವುದು. ಗಾಯಕ ಸುತ್ತಿ ಬಳಸಿ ಬಂದು ಸಮ್ಮಿನ ಮೇಲೆ ನಿಂತಾಗ ಇಡೀ ಸಭೆಯ ತಲೆ ಒಮ್ಮೆಗೇ ತೂಗುವುದನ್ನು ಕಂಡವರಿಗೆ, ಕೇಳುವವರೂ ಹಾಡುತ್ತಿದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ನೂರು ಸಲ ಕೇಳಿದ ಹಾಡಿನಲ್ಲಿ ಮುಂದೇನು ಬರುವುದೆಂದು ಗೊತ್ತಿರುವಾಗ ನಿರೀಕ್ಷೆಗೆ ಅವಕಾಶವೆಲ್ಲಿ? ಡೇವಿಡ್ ಹ್ಯೂರನ್ ಎಂಬ ಸಂಗೀತಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಗಂಟನ್ನು ಬಿಡಿಸಲು ಯತ್ನಿಸಿದ್ದಾರೆ. ಮನಸ್ಸಿನಲ್ಲಿ ನಿರೀಕ್ಷೆ ಒಂದೇ ಬಗೆಯದಲ್ಲ: ಈ ಹಾಡಿನಲ್ಲಿ ಇಲ್ಲಿ ಹೀಗಾಗುವುದೆಂಬ ಜ್ಞಾಪಕ ಒಂದು, ಇಂಥ ಜಾತಿಯ ಹಾಡುಗಳಲ್ಲಿ ಸಾಮಾನ್ಯವಾಗಿ ಹೀಗಾಗುವುದೆಂಬ ಅಭ್ಯಾಸ ಇನ್ನೊಂದು. ಜ್ಞಾಪಕಕ್ಕೆ ಎಲ್ಲವೂ ತಿಳಿದಿದ್ದರೂ ಅಭ್ಯಾಸ ತನ್ನ ಪಾಡಿಗೆ ತಾನು, ಪ್ರತಿಸಲವೂ ಹೊಸದಾಗಿ, ಸಾಮಾನ್ಯವಾದುದನ್ನೇ ಎದುರುನೋಡುವುದು. ಆದಕಾರಣ ಮೆಚ್ಚಿನ ಹಾಡಿನ ತಿರುವಿನಲ್ಲಿ ನಾವು ಏಕಕಾಲದಲ್ಲಿ ಬೆರಗಾಗುವವರೂ ಹೌದು, ಬೆರಗನ್ನು ಮುಂಗಂಡವರೂ ಹೌದು. ಮಗುವಿಗೆ ಕಣ್ಣಾಮುಚ್ಚಾಲೆ ಎಷ್ಟು ಸಲವಾದರೂ ಸಾಲದಿರುವುದು ಇದರಿಂದಲೇ ಇರಬಹುದು. ಹೆಚ್ಚು ಸಲ ಕಂಡುಕೇಳಿದುದರ ಮೇಲೆ ಒಲವು ಬೆಳೆಯುವುದೆಂದು ೧೯೬೮ರಲ್ಲಿ ರಾಬರ್ಟ್ ಜಾಯಂಟ್ಸ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದುಂಟು. ಆದರೆ ಬರಿಯ ಪರಿಚಯವೇ ಪ್ರೀತಿಯಾಗುವುದಾದರೆ ಬಸ್‌ಸ್ಟ್ಯಾಂಡಿನ ಘೋಷಣೆಯೂ ನಮಗೆ ಪ್ರಿಯವಾಗಬೇಕಿತ್ತು. ಅತಿಯಾಗಿ ಕೇಳಿದ ಅನೇಕ ಹಾಡುಗಳು ಹಳಸುವುವು. ತನ್ನೊಳಗೆ ಕೇಳುವವನಿಗೆ ಒಂದಿಷ್ಟು ಜಾಗವನ್ನು ಬಿಟ್ಟುಕೊಟ್ಟ ಹಾಡು ಮಾತ್ರ ಹಳಸದೆ ಉಳಿಯುವುದೆಂದು ನನ್ನ ನಂಬಿಕೆ.

ಹದಿಹರೆಯದಲ್ಲಿ ಕೇಳಿದುದು ಉಳಿದ ವಯಸ್ಸಿನಲ್ಲಿ ಕೇಳಿದುದಕ್ಕಿಂತ ಆಳವಾಗಿ ಊರುವುದೆಂಬುದನ್ನೂ ಸಂಶೋಧಕರು ಗುರುತಿಸಿದ್ದಾರೆ. ನನ್ನ ತಲೆಮಾರಿನ ಅನೇಕರಿಗೆ ಪಿ. ಬಿ. ಶ್ರೀನಿವಾಸರ, ಎಸ್. ಜಾನಕಿಯವರ ದನಿ ರೇಡಿಯೋದಲ್ಲಿ ತೇಲಿಬಂದರೆ ಸಾಕು, ಕೈಯಲ್ಲಿದ್ದ ಕೆಲಸ ನಿಂತುಹೋಗುವುದು. ಇದನ್ನು ಎಲ್ಲರೂ ತಮ್ಮ ಅನುಭವದಿಂದಲೇ ಬಲ್ಲರು.

ಒಂದು ಹಾಡು ಒಬ್ಬ ಕೇಳುಗನನ್ನು ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ಭೀಮಸೇನ ಜೋಶಿಯವರ ಬಾಲ್ಯಕ್ಕಿಂತ ದೊಡ್ಡ ನಿದರ್ಶನ ಕನ್ನಡ ನಾಡಿನಲ್ಲಿಲ್ಲ. ೧೯೨೨ರಲ್ಲಿ ಗದುಗಿನ ಕಡೆಯಲ್ಲಿ ಹುಟ್ಟಿದ ಆ ಬಾಲಕ, ಅಬ್ದುಲ್ ಕರೀಮ್ ಖಾನರು ಝಿಂಜೋಟಿ ರಾಗದಲ್ಲಿ ಹಾಡಿದ ಠುಮರಿಯೊಂದನ್ನು ಗ್ರಾಮಾಫೋನ್ ತಟ್ಟೆಯಲ್ಲಿ ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂಬ ಹಂಬಲದಿಂದ, ೧೯೩೩ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟುಹೋದನು. ಊರೂರು ಅಲೆದು ಕೊನೆಗೆ ನೆಲೆ ಕಂಡದ್ದು ನಾಡಿನಲ್ಲಿಯೇ, ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಪದತಲದಲ್ಲಿ. ಈ ಕಥೆಯನ್ನು ಸಾಮಾನ್ಯವಾಗಿ ಪ್ರತಿಭೆಯ ಕಥೆಯೆಂದು ಹೇಳುತ್ತಾರೆ. ನಾನಾದರೋ ಇದನ್ನು ಕೇಳುವಿಕೆಯ ಕಥೆಯೆಂದು ಓದುತ್ತೇನೆ. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕೆ ತುಸು ಹೆಚ್ಚು ಸಂಗೀತ. ಗಂಟೆಗಟ್ಟಲೆ ಹಬ್ಬಬಲ್ಲ ಗಾಯಕನೊಬ್ಬನು ಅಷ್ಟರಲ್ಲಿಯೇ ತನ್ನ ಸರ್ವಸ್ವವನ್ನೂ ಸೂಚಿಸಿ ಸುಮ್ಮನಾಗಬೇಕು. ಸೂಜಿ ಅಂಚಿಗೆ ಬಂದು ಕರಕರ ಸದ್ದಾದಾಗ ಹಾಡು ನಿಂತಿತು, ಮುಗಿಯಲಿಲ್ಲ. ಮುಗಿಯದೆ ಉಳಿದ ಭಾಗವನ್ನು ಆ ಬಾಲಕ ಇಳಿವಯಸ್ಸಿನವರೆಗೂ ಹಾಡಿದನೆಂದರೆ ಅತ್ಯುಕ್ತಿಯಾಗಲಾರದು. ಯಾವುದನ್ನು ನಾವು ಪರಿಪೂರ್ಣವೆನ್ನುತ್ತೇವೆಯೋ ಅದು ಎಷ್ಟೋ ವೇಳೆ ಹೀಗೆ ಅಪೂರ್ಣವಾಗಿಯೇ ಇದ್ದು, ತನ್ನ ಶೇಷವನ್ನು ನಮ್ಮ ಕೈಗೆ ಕೊಟ್ಟು ಹೋಗಿರುತ್ತದೆ.

ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರನ್ನು ಇಲ್ಲಿ ನೆನೆಯದಿದ್ದರೆ ಅಪರಾಧವಾದೀತು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರನ್ನಿಟ್ಟಿರುವುದು ಉಚಿತವಾಗಿಯೇ ಇದೆ. ಹಿಂದುಸ್ತಾನಿ ರಾಗಗಳಲ್ಲಿ ವಚನಗಳನ್ನು ಹಾಡಿ ಅವನ್ನು ಸಾಮಾನ್ಯ ಜನರ ಕಿವಿಗೆ ಮುಟ್ಟಿಸಿದವರಲ್ಲಿ ಅವರು ಪ್ರಮುಖರು. ವಚನವೆಂಬುದಕ್ಕೆ ಗಣನಿಯಮವಿಲ್ಲ, ಸಾಲುಗಳ ಅಳತೆಯಿಲ್ಲ. ತ್ರಿಪದಿಯಲ್ಲಿರುವಂತೆ ಕಾಯುವುದಕ್ಕೊಂದು ಗೊತ್ತಾದ ಎಡೆಯಿಲ್ಲ. ಗಾಯಕನು ಮಾತಿನ ಅರ್ಥ ಎಲ್ಲಿ ಹೊರಳುವುದೋ ಅಲ್ಲಿ ರಾಗವನ್ನು ಹೊರಳಿಸಬೇಕು, ಮಾತು ಎಲ್ಲಿ ನಾಚಿ ತಡೆಯುವುದೋ ಅಲ್ಲಿ ಸ್ವರವನ್ನು ನಿಲ್ಲಿಸಬೇಕು. ಒಮ್ಮೆ ಒಬ್ಬ ದೊಡ್ಡ ಗಾಯಕ ಆ ಸ್ಥಳಗಳನ್ನು ಕಂಡುಕೊಂಡು ಹಾಡಿಬಿಟ್ಟರೆ, ಮುಂದೆ ಆ ವಚನವನ್ನು ಕಣ್ಣಿನಿಂದ ಓದುವಾಗಲೂ ನಮಗೆ ಅವನ ನಿಲುಗಡೆಗಳೇ ಕೇಳಿಸುವುವು. ಎಂಟುನೂರು ವರ್ಷಗಳ ಹಿಂದಿನ ಮಾತು ಹಾಡಿಗೆಂದೇ ಹುಟ್ಟಿತ್ತೋ ಎಂಬಂತೆ ತೋರುವುದು. ಇದು ಗಾಯಕ ಕೇಳುಗರಿಗೆ ತೋಡಿಕೊಟ್ಟ ಠಾವು. ಅಜ್ಜಿಯ ಪದದಲ್ಲಾದರೋ ಕಲ್ಲು ತೋಡಿಕೊಟ್ಟಿತ್ತು.

ದುಃಖದ ಹಾಡು ಪ್ರಿಯವಾಗುವುದೇಕೆಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ಮೊಹರಮ್ಮಿನ ದಿನಗಳಲ್ಲಿ ಮುದಗಲ್ಲಿನಲ್ಲಿಯೂ ನಮ್ಮ ಸುತ್ತಿನ ಹಳ್ಳಿಗಳಲ್ಲಿಯೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದಗಳನ್ನು ಹಾಡುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಬೆರೆತಿರುತ್ತಾರೆ. ಕ್ರಿ. ಶ. ೬೮೦ರಲ್ಲಿ ದೂರದ ಕರ್ಬಲೆಯ ಮರಳಿನಲ್ಲಿ ನೀರಿಲ್ಲದೆ ಬಾಯಾರಿ ಮಡಿದವರ ಕಥೆ ಅಚ್ಚ ಈ ಸೀಮೆಯ ಕನ್ನಡದಲ್ಲಿ ಹೊರಡುತ್ತದೆ. ಬೇಸಗೆಯ ಬಾಯಾರಿಕೆಯನ್ನು ಬಲ್ಲ ಈ ಎರೆನೆಲದ ಜನಕ್ಕೆ ಆ ನೀರಡಿಕೆಯನ್ನು ವಿವರಿಸಬೇಕಾಗಿಲ್ಲ; ಮಗುವಿಗೆ ಒಂದು ಗುಟುಕು ನೀರು ಸಿಗದ ಘಟ್ಟ ಬಂದಾಗ, ಆ ಮತಕ್ಕೆ ಸೇರದ ಹೆಂಗಸರೂ ಸೆರಗಿನಿಂದ ಕಣ್ಣೊರಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಮರುವರ್ಷ ಅದೇ ಪದವನ್ನೇ ಹಾಡಿರೆಂದು ಕೇಳುವವರೂ ಅವರೇ. ತೀ. ನಂ. ಶ್ರೀಕಂಠಯ್ಯನವರು ೧೯೫೩ರಲ್ಲಿ ಪ್ರಕಟವಾದ ತಮ್ಮ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕನ್ನಡಿಗರಿಗೆ ತಿಳಿಯಾಗಿ ಕೊಟ್ಟಿರುವ ರಸಸಿದ್ಧಾಂತ ಇದಕ್ಕೆ ಸಮಾಧಾನವನ್ನು ಹೇಳುವುದು: ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರದಿಂದ, ಶೋಕವು ಅವರದು ಇವರದು ನನ್ನದು ಎಂಬ ಕಟ್ಟಿನಿಂದ ಬಿಡುಗಡೆ ಹೊಂದಿ, ಎಲ್ಲರೂ ಸವಿಯಬಹುದಾದ ಕರುಣವಾಗುವುದು. ಅಭಿನವಗುಪ್ತನು ಇದಕ್ಕೆ ಇನ್ನೊಂದನ್ನು ಕೂಡಿಸಿದನು. ಸವಿಯುವವನ ಅಂತರಂಗದಲ್ಲಿ ಆ ಭಾವದ ವಾಸನೆ, ಎಂದರೆ ಹಳೆಯ ಸಂಸ್ಕಾರ, ಮುಂಚೆಯೇ ಇರಬೇಕು, ಮತ್ತು ಕಾವ್ಯದ ನಿರಂತರ ಪರಿಚಯದಿಂದ ಅವನ ಮನಸ್ಸಿನ ಕನ್ನಡಿ ಉಜ್ಜಲ್ಪಟ್ಟು ತಿಳಿಯಾಗಿರಬೇಕು, ಅಂಥವನೇ ಸಹೃದಯ.

ಈ ವಾಸನೆಯನ್ನು ಕಾಳಿದಾಸನು ಶಾಕುಂತಲದ ಐದನೆಯ ಅಂಕದಲ್ಲಿ ತೋರಿಸಿರುವ ಬಗೆಯನ್ನು ಮರೆಯಲಾಗದು. ಶಕುಂತಲೆಯನ್ನು ಶಾಪದಿಂದ ಮರೆತಿರುವ ದುಷ್ಯಂತನು, ಸಂಗೀತಶಾಲೆಯಿಂದ ಹಂಸಪದಿಕೆಯ ಹಾಡು ಕೇಳಿಬಂದಾಗ, ತನಗೆ ಪ್ರಿಯರ ಅಗಲಿಕೆ ಯಾವುದೂ ಇಲ್ಲದಿದ್ದರೂ ಮನಸ್ಸು ತಳಮಳಿಸುವುದೇಕೆಂದು ವಿಸ್ಮಿತನಾಗಿ, ಹಿಂದಿನ ಜನ್ಮದ ಸ್ನೇಹಗಳು ಎದೆಯ ತಳದಲ್ಲಿ ಉಳಿದಿದ್ದು ಅರಿವಿಗೆ ಬಾರದೆಯೇ ನೆನಪಾಗುವುವೋ ಏನೋ ಎಂದುಕೊಳ್ಳುವನು. ಪ್ರೇಕ್ಷಕರಾದ ನಮಗೆ ಗೊತ್ತು, ಅದು ಹಿಂದಿನ ಜನ್ಮದ್ದಲ್ಲ. ರಾಜನ ಬುದ್ಧಿ ಮರೆತುದನ್ನು ಅವನ ಕಿವಿ ಮರೆತಿಲ್ಲ. ಠಾವು ಉಳಿದಿದೆ, ಅಲ್ಲಿ ಕುಳಿತವಳು ಯಾರೆಂಬುದು ಮಾತ್ರ ಅಳಿಸಿದೆ. ಮೆಚ್ಚಿನ ಹಾಡನ್ನು ಕೇಳುವಾಗ, ಏಕೆಂದು ತಿಳಿಯದೆ ಕಣ್ಣು ತುಂಬಿಬರುವ ಅನುಭವವನ್ನು ಇದಕ್ಕಿಂತ ನಿಷ್ಕೃಷ್ಟವಾಗಿ ಯಾವ ವಿಜ್ಞಾನಿಯೂ ಇನ್ನೂ ಹೇಳಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಯಾವ ಹಾಡಾದರೂ ಸರಿ, ಕೇಳಿ ಕೇಳಿ ರೂಢಿಯಾದರೆ ಸಾಕೆ, ಗುಣಾವಗುಣಗಳ ವಿವೇಚನೆ ವ್ಯರ್ಥವೆ ಎಂದು ಕೇಳಬಹುದು. ವ್ಯರ್ಥವಲ್ಲ. ಅಜ್ಜಿಯ ಪದದಲ್ಲಿ ಎರಡನೆಯ ಸಾಲು ಮರಳದಿದ್ದರೆ ಅವಳ ಉಸಿರಿಗೆ ಅಲ್ಲಿ ಮನೆ ಸಿಕ್ಕುತ್ತಿರಲಿಲ್ಲ. ಒಳ್ಳೆಯ ಮಟ್ಟು ಕೇಳುವವನಿಗೆ ಮಾಡಲು ಏನನ್ನಾದರೂ ಬಿಟ್ಟಿರುವುದು. ದುರ್ಬಲವಾದುದು ಎಲ್ಲವನ್ನೂ ತಾನೇ ತುಂಬಿ, ಬಾಗಿಲು ಮುಚ್ಚಿಕೊಂಡಿರುವುದು. ಈಚೆಗೆ ನನ್ನ ಮನಸ್ಸನ್ನು ಕೊರೆಯುತ್ತಿರುವುದೂ ಇದೇ. ಭಜನೆಗೆ ಬರುವ ಹುಡುಗರು ಈಗ ಪದಗಳನ್ನು ಫೋನಿನಿಂದ ಕಲಿಯುತ್ತಾರೆ. ಕಲಿಯುವ ಆಸೆ ಅವರಲ್ಲಿ ಧಾರಾಳವಾಗಿದೆ, ಅದು ನನಗೆ ಪರಮ ಸಂತೋಷ. ಆದರೆ ಫೋನಿನಲ್ಲಿ ದೊರೆಯುವುದು ಒಂದು ಪದಕ್ಕೆ ಒಂದೆರಡು ಮಟ್ಟು ಮಾತ್ರ. ಯಂತ್ರದಿಂದ ಸಮನಾಗಿ ಕತ್ತರಿಸಿದ ತಾಳದಲ್ಲಿ ಉಸಿರು ಎಲ್ಲಿಯೂ ತಡವರಿಸುವುದಿಲ್ಲ. ಗಬ್ಬೂರಿನ ಮಟ್ಟು, ಮಾನ್ವಿಯ ಮಟ್ಟು, ಅವರ ಮನೆಯ ಮಟ್ಟು, ಇವರ ಓಣಿಯ ಮಟ್ಟು ಎಂದು ಇದ್ದ ನೂರು ದಾರಿಗಳು ಹಾಡುವ ಹಿರಿಯರೊಡನೆ ಒಂದೊಂದಾಗಿ ಮುಚ್ಚುತ್ತಿವೆ. ಆ ಫೋನಿನಲ್ಲಿಯೇ ಧ್ವನಿಯನ್ನು ಹಿಡಿದಿಡುವ ಸೌಕರ್ಯವೂ ಇದೆಯಲ್ಲವೆ? ಕೆಮ್ಮಿನಿಂದ ಗಂಟಲೊಡೆದ ಆ ಭಜನೆಯವರ ಪಕ್ಕದಲ್ಲಿ ಯಾರಾದರೂ ಒಬ್ಬ ಹುಡುಗ ಒಂದು ಸಂಜೆ ಕುಳಿತು, ಅವರ ಕೆಮ್ಮನ್ನೂ ಬಿಡದೆ ಎಲ್ಲವನ್ನೂ ಹಿಡಿದುಕೊಳ್ಳಲಿ ಎಂದು ನಾನು ಮನಸಾರೆ ಬೇಡುತ್ತೇನೆ. ತಾತನವರನ್ನು ಕೇಳಿದರೆ ಪದ ಎಲ್ಲಿ ಕುಂದ್ರುತ್ತದೆಂಬುದನ್ನು ಅವರು ಬೆರಳಿಟ್ಟು ತೋರಿಸಿಯಾರು.

ಕಳೆದ ತಿಂಗಳು ರಾಯಚೂರಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅವಳು ಹುಟ್ಟುವಷ್ಟರಲ್ಲಿ ಬೀಸುಕಲ್ಲು ಹಿತ್ತಲನ್ನು ಸೇರಿತ್ತು. ಅದರ ಗೂಟವನ್ನು ಅವಳು ಒಂದು ದಿನವೂ ಹಿಡಿದವಳಲ್ಲ. ಅಡುಗೆಮನೆಯಲ್ಲಿ ಕೊಣಮಿಗೆಯನ್ನು ಮುಂದಿಟ್ಟುಕೊಂಡು ಜೋಳದ ಹಿಟ್ಟನ್ನು ನಾದಿ ರೊಟ್ಟಿ ಬಡಿಯುತ್ತ, ನಾನು ಬಾಗಿಲಲ್ಲಿ ನಿಂತುದನ್ನು ಗಮನಿಸದೆ, ತನ್ನಷ್ಟಕ್ಕೆ ತಾನು ಅಜ್ಜಿಯ ಪದವನ್ನು ಗುನುಗುತ್ತಿದ್ದಳು. ಅಂಗೈಯ ಪೆಟ್ಟೇ ತಾಳವಾಗಿ ರೊಟ್ಟಿ ಅಗಲವಾಗುತ್ತ ಹೋಯಿತು. ಎರಡನೆಯ ಸಾಲು ಮುಗಿಯಿತು. ದನಿ ನಿಂತಿತು. ಎಡಗೈ ತಾನಾಗಿಯೇ ಪಕ್ಕದ ತಟ್ಟೆಗೆ ಹೋಗಿ, ಒಂದು ಚಿಟಿಕೆ ಒಣಹಿಟ್ಟನ್ನು ತೆಗೆದು, ರೊಟ್ಟಿಯ ಅಡಿಗೆ ಉದುರಿಸಿತು. ಅನಂತರ ಪದ ಮತ್ತೆ ಅದೇ ಸಾಲನ್ನು ಹಿಡಿಯಿತು.